ಸಿಓ ಇಳಿದು ಹೈಡ್ರೋಜನ್ ಏರಿದರೆ: ಎಲೆಕ್ಟ್ರೋಡ್ ಬಿಸಾಕುವ ಮುಂಚೆ ನೋಡಬೇಕಾದದ್ದು

ಕರೆಂಟ್ ಹಾಯಿಸಿ ಸಿಓಟು (ಕಾರ್ಬನ್ ಡೈಆಕ್ಸೈಡ್) ಅನ್ನು ಸಿಓ (ಕಾರ್ಬನ್ ಮೊನಾಕ್ಸೈಡ್) ಮಾಡುವ ಸೆಲ್ ನಮ್ಮ ಲ್ಯಾಬಿನಲ್ಲಿದೆ. ಕರೆಂಟಿನ ಒಂದು ಪಾಲು ಮಾತ್ರ ದಾರಿ ತಪ್ಪಿ ನೀರಿನಿಂದ ಹೈಡ್ರೋಜನ್ ಮಾಡುತ್ತದೆ, ಹೈಡ್ರೋಜನ್ ಇಷ್ಟು ಪರ್ಸೆಂಟ್ ಅಂದರೆ ಆ ಪಾಲು. ರಾತ್ರಿ ಹನ್ನೊಂದಕ್ಕೆ ಲ್ಯಾಬಿನ ಜೂನಿಯರ್ ಹುಡುಗ ಫೋನ್ ಮಾಡಿದ. "ಅಕ್ಕಾ, ಕ್ಯಾಟಲಿಸ್ಟ್ ಸತ್ತೋಯ್ತು. ಬೆಳಿಗ್ಗೆ ಹೈಡ್ರೋಜನ್ 4 ಪರ್ಸೆಂಟ್ ಇತ್ತು, ಈಗ 35 ತೋರಿಸ್ತಿದೆ. ಬಿಚ್ಚಿ ಹೊಸ ಎಲೆಕ್ಟ್ರೋಡ್ ಹಾಕ್ಲಾ?"

ಬೇಡ ಮಾರಾಯ, ಏನೂ ಬಿಚ್ಚಬೇಡ, ಕರೆಂಟ್ ಆಫ್ ಮಾಡಿ ನೈಟ್ರೋಜನ್ ಹರಿಯಲು ಬಿಟ್ಟು ಮನೆಗೆ ಹೋಗು ಅಂದೆ. ಸೆಲ್ ಬಿಚ್ಚಿದ ಕೂಡಲೇ ಅರ್ಧ ಸಾಕ್ಷಿ ಹಾಳಾಗುತ್ತದೆ. ಉಪ್ಪು ಉದುರುತ್ತದೆ, ನೀರು ಒಣಗುತ್ತದೆ, ಮೆಂಬ್ರೇನ್ ಮಡಚಿಕೊಳ್ಳುತ್ತದೆ. ಆಮೇಲೆ ಏನಾಗಿತ್ತು ಅಂತ ದೇವರಿಗೇ ಗೊತ್ತು.

ಹೈಡ್ರೋಜನ್ ಏರುವುದು ಜ್ವರ ಬಂದ ಹಾಗೆ. ಜ್ವರ ಇದೆ ಅಂದ ಮಾತ್ರಕ್ಕೆ ಡೆಂಗ್ಯೂವೋ ಟೈಫಾಯ್ಡೋ ಗೊತ್ತಾಗುವುದಿಲ್ಲ. ಎಲೆಕ್ಟ್ರಾನ್‌ಗೆ ಸಿಓಟು ಸಿಗದಿದ್ದರೆ ಪಕ್ಕದಲ್ಲಿರುವ ನೀರನ್ನು ಹಿಡಿಯುತ್ತದೆ, ಅಷ್ಟೇ. ಸಿಓಟು ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಹತ್ತು ಕಾರಣ ಇರಬಹುದು, ಕ್ಯಾಟಲಿಸ್ಟ್ ಕೆಟ್ಟಿದ್ದು ಅದರಲ್ಲಿ ಹತ್ತನೆಯದು. ನಾನು ಆ ಸರದಿಯಲ್ಲೇ ನೋಡುತ್ತೇನೆ.

ಸೆಲ್ ಹೀಗಿದೆ

5 ಚದರ ಸೆಂಟಿಮೀಟರ್‌ನ ಝೀರೋ ಗ್ಯಾಪ್ ಸೆಲ್, ಅಂದರೆ ಎರಡೂ ಎಲೆಕ್ಟ್ರೋಡ್ ಮಧ್ಯದ ಮೆಂಬ್ರೇನ್‌ಗೆ ಅಂಟಿಕೊಂಡೇ ಕೂರುತ್ತವೆ. ಕ್ಯಾಥೋಡ್‌ಗೆ (ಸಿಓಟು ಸಿಓ ಆಗುವ ಕಡೆ) ಕಾರ್ಬನ್ ಪೇಪರ್ ಮೇಲೆ ಬೆಳ್ಳಿ ಪುಡಿ (ಅದೇ ಕ್ಯಾಟಲಿಸ್ಟ್) ಸ್ಪ್ರೇ ಮಾಡಿದ, ಗ್ಯಾಸ್ ನುಸುಳಿ ಹೋಗುವ ಗ್ಯಾಸ್ ಡಿಫ್ಯೂಷನ್ ಎಲೆಕ್ಟ್ರೋಡ್. ಆನೋಡ್‌ಗೆ (ಆಕ್ಸಿಜನ್ ಹುಟ್ಟುವ ಕಡೆ) ಟೈಟಾನಿಯಂ ಫೆಲ್ಟ್ ಮೇಲೆ ಇರಿಡಿಯಂ ಆಕ್ಸೈಡ್. ಮಧ್ಯೆ ಆನಯಾನ್ ಮೆಂಬ್ರೇನ್ (ಋಣ ಅಯಾನ್ ದಾಟಲು ಬಿಡುವ ಪೊರೆ). ಆನೋಡ್ ಕಡೆ 0.1 ಮೋಲಾರ್ ಪೊಟ್ಯಾಸಿಯಂ ಬೈಕಾರ್ಬೋನೇಟ್ ದ್ರಾವಣ ಪಂಪ್‌ನಲ್ಲಿ ಸುತ್ತುತ್ತಿರುತ್ತದೆ. ಕ್ಯಾಥೋಡ್ ಕಡೆ ನೀರಿನ ಬಾಟಲಿಯೊಳಗೆ ಹಾಯ್ದು ತೇವವಾದ ಸಿಓಟು, 50 ಎಸ್‌ಸಿಸಿಎಂ (ನಿಮಿಷಕ್ಕೆ ಇಷ್ಟು ಘನ ಸೆಂಟಿಮೀಟರ್ ಗ್ಯಾಸ್). ಕರೆಂಟ್ 1 ಆಂಪಿಯರ್, ಅಂದರೆ ಚದರ ಸೆಂಟಿಮೀಟರ್‌ಗೆ 200 ಮಿಲಿಆಂಪಿಯರ್. ವೋಲ್ಟೇಜ್ 3ರ ಆಸುಪಾಸು.

ಬೆಳ್ಳಿ ಇದ್ದರೆ ಕಾರ್ಬನ್ ಮೊನಾಕ್ಸೈಡ್, ತವರ ಅಥವಾ ಬಿಸ್ಮತ್ ಇದ್ದರೆ ಫಾರ್ಮೇಟ್, ತಾಮ್ರ ಇದ್ದರೆ ಎಥಿಲೀನ್, ಎಥನಾಲ್, ಮೀಥೇನ್ ಎಲ್ಲ ಕಲಸುಮೇಲೋಗರ. ನಿಮ್ಮದು ತಾಮ್ರದ ಸೆಲ್ ಆದರೂ ಕೆಳಗಿನ ಮುಕ್ಕಾಲು ಭಾಗ ಹಾಗೇ ಅನ್ವಯವಾಗುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು. ಈ ಸೆಲ್ ಚೆನ್ನಾಗಿ ಓಡುವಾಗ ಹೊರಬರುವ ಗ್ಯಾಸ್‌ನಲ್ಲಿ ಸುಮಾರು 15 ಪರ್ಸೆಂಟ್ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಪಿಪಿಎಂ ಲೆಕ್ಕದಲ್ಲಿ ಒಂದೂವರೆ ಲಕ್ಷ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಎಕ್ಸಾಸ್ಟ್ ಪೈಪ್ ಫ್ಯೂಮ್ ಹುಡ್‌ಗೇ ಹೋಗಬೇಕು, ಟೇಬಲ್ ಮೇಲೆ ಸಿಓ ಅಲಾರಂ ಇರಲೇಬೇಕು. ಪೈಪ್ ಬಿಚ್ಚುವ ಮುಂಚೆ ನೈಟ್ರೋಜನ್ ಹಾಯಿಸಿ. "ಎರಡು ನಿಮಿಷದ ಕೆಲಸ ಅಲ್ವಾ" ಅಂತ ಹುಡ್ ಹೊರಗೆ ಬಿಚ್ಚುವವರನ್ನು ನೋಡಿದ್ದೇನೆ, ಬೈದೂ ಇದ್ದೇನೆ.

ಸುಳ್ಳು ಹೇಳುತ್ತಿರುವುದು ಸೆಲ್ಲೋ ಮೀಟರೋ?

ಮೊದಲು ಅಳತೆ ನೋಡಿ. ಇದಕ್ಕೆ ಒಂದೇ ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು: ಎರಡು ಎಲೆಕ್ಟ್ರಾನ್ ಕೇಳುವ ಯಾವ ಗ್ಯಾಸ್ ಆದರೂ, ಅದು ಸಿಓ ಇರಲಿ ಹೈಡ್ರೋಜನ್ ಇರಲಿ, 1 ಆಂಪಿಯರ್‌ಗೆ ಸುಮಾರು 7 ಎಸ್‌ಸಿಸಿಎಂ ಹುಟ್ಟುತ್ತದೆ. 96485 ಕೂಲಂಬ್ ಇಟ್ಟುಕೊಂಡು ನೀವೇ ಗುಣಿಸಿ ನೋಡಿ, 6.97 ಬರುತ್ತದೆ.

ಈಗ ಮಜಾ ನೋಡಿ. 50 ಒಳಗೆ ಹೋಯಿತು. ಸುಮಾರು 7 ಸಿಓಟು ಸಿಓ ಆಯಿತು, ಅದು ಲೆಕ್ಕಕ್ಕೆ ವಾಪಸ್ ಬಂತು. ಆದರೆ ಪ್ರತಿ ಎರಡು ಎಲೆಕ್ಟ್ರಾನ್‌ಗೆ ಎರಡು ಹೈಡ್ರಾಕ್ಸೈಡ್ ಕೂಡ ಹುಟ್ಟುತ್ತದೆ. ಆ ಎರಡು ಹೈಡ್ರಾಕ್ಸೈಡ್ ಸೇರಿ ಇನ್ನೊಂದು ಸಿಓಟು ನುಂಗಿ ಕಾರ್ಬೋನೇಟ್ ಮಾಡುತ್ತವೆ. ಅದು ಮೆಂಬ್ರೇನ್ ದಾಟಿ ಆನೋಡ್ ಕಡೆ ಹೋಗಿ ಮತ್ತೆ ಸಿಓಟು ಆಗಿ ಹೊರಬೀಳುತ್ತದೆ. ಹಾಗಾಗಿ ಕ್ಯಾಥೋಡ್‌ನಿಂದ ಹೊರಬರುವುದು 50 ಅಲ್ಲ, 43. ಜಿಸಿ (ಗ್ಯಾಸ್ ಕ್ರೊಮಟೊಗ್ರಾಫ್, ಯಾವ ಗ್ಯಾಸ್ ಎಷ್ಟಿದೆ ಅಂತ ಹೇಳುವ ಯಂತ್ರ) ತೋರಿಸಿದ ಶೇಕಡಾವಾರನ್ನು 50ರಿಂದ ಗುಣಿಸಿದರೆ ಫ್ಯಾರಡೇ ಲೆಕ್ಕ, ಅಂದರೆ ಕರೆಂಟಿನ ಎಷ್ಟು ಪಾಲು ಯಾವ ಗ್ಯಾಸ್‌ಗೆ ಹೋಯಿತು ಅನ್ನುವುದು, 16 ಪರ್ಸೆಂಟ್ ಉಬ್ಬುತ್ತದೆ. ಒಟ್ಟು ಕೂಡಿಸಿ 110, 115 ಬಂದಿದ್ದರೆ ನಿಮ್ಮ ಸೆಲ್ ಪವಾಡ ಮಾಡುತ್ತಿಲ್ಲ, ನೀವು ಒಳಹರಿವಿನ ಅಂಕಿ ಹಾಕಿದ್ದೀರಿ. ಹೊರಹರಿವನ್ನೇ ಅಳೆಯಿರಿ.

ಅಳೆಯುವಾಗ ಬೆಂಗಳೂರಿನವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಸೋಪಿನ ಗುಳ್ಳೆಯ ಫ್ಲೋಮೀಟರ್ ಹಾಕಿದರೆ ಎಂಎಫ್‌ಸಿ (ಗ್ಯಾಸ್ ಹರಿವನ್ನು ಅಳೆದು ಬಿಡುವ ಮಾಸ್ ಫ್ಲೋ ಕಂಟ್ರೋಲರ್) 50 ಅನ್ನುತ್ತದೆ, ಗುಳ್ಳೆ 60 ದಾಟುತ್ತದೆ. ನಾನು ಮೊದಲ ವರ್ಷ ಇದೇ ಕಾರಣಕ್ಕೆ ಎಂಎಫ್‌ಸಿ ಕೆಟ್ಟಿದೆ ಅಂತ ಸರ್ವಿಸ್‌ಗೆ ಕಳಿಸಿದ್ದೆ, ಅದು ಸರಿಯಾಗಿದೆ ಅನ್ನುವ ಚೀಟಿಯ ಜೊತೆ ವಾಪಸ್ ಬಂತು. ಊರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ 91 ಕಿಲೋಪ್ಯಾಸ್ಕಲ್ ಆಸುಪಾಸು. ಅದರ ಮೇಲೆ ರೂಮು 27 ಡಿಗ್ರಿ. ಎಸ್‌ಸಿಸಿಎಂ ಅಂದರೆ ಸೊನ್ನೆ ಡಿಗ್ರಿ, ಸಮುದ್ರಮಟ್ಟದ ಲೆಕ್ಕ. ಎರಡೂ ತಿದ್ದಿದರೆ 50 ಇದ್ದದ್ದು 61 ಆಗುತ್ತದೆ. ಗ್ಯಾಸ್ ಒದ್ದೆ ಇದ್ದರೆ ನೀರಾವಿಯದು ಇನ್ನೂ ನಾಲ್ಕು ಪರ್ಸೆಂಟ್ ಸೇರಿಕೊಳ್ಳುತ್ತದೆ. ಮಂಗಳೂರಿನ ಲ್ಯಾಬ್‌ನಲ್ಲಿ ಒತ್ತಡದ ಈ ತಲೆನೋವು ಇಲ್ಲ. ನಿಮ್ಮ ಎಂಎಫ್‌ಸಿ ಸೊನ್ನೆ ಡಿಗ್ರಿಗೆ ಲೆಕ್ಕ ಹಾಕುತ್ತದೋ 20ಕ್ಕೋ 25ಕ್ಕೋ, ಅದನ್ನೂ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

ಜಿಸಿ ವಿಷಯ ಚುಟುಕಾಗಿ. ಹೈಡ್ರೋಜನ್ ನೋಡುವುದಿದ್ದರೆ ಸ್ಯಾಂಪಲ್ ಹೊತ್ತೊಯ್ಯುವ ಕ್ಯಾರಿಯರ್ ಗ್ಯಾಸ್ ಆರ್ಗಾನ್ ಇರಲಿ, ಹೀಲಿಯಂ ಹಾಕಿದರೆ ಹೈಡ್ರೋಜನ್ ಪೀಕ್ ಸರಿಯಾಗಿ ಕಾಣುವುದಿಲ್ಲ. ಸಿಓ ಮಾತ್ರ ಇಳಿದು ಹೈಡ್ರೋಜನ್ ಇದ್ದಲ್ಲೇ ಇದ್ದರೆ ಮೆಥನೈಸರ್ (ಸಿಓವನ್ನು ಮೀಥೇನ್ ಮಾಡಿ ಡಿಟೆಕ್ಟರ್‌ಗೆ ಕೊಡುವ ಭಾಗ) ಸುಸ್ತಾಗಿರಬಹುದು. ಪೀಕ್‌ಗಳು ದಿನಾ ಸ್ವಲ್ಪ ಸ್ವಲ್ಪ ಜರುಗುತ್ತಿದ್ದರೆ ಗ್ಯಾಸ್‌ಗಳನ್ನು ಬೇರ್ಪಡಿಸುವ ಮಾಲಿಕ್ಯುಲರ್ ಸೀವ್ ಕಾಲಂ ಸಿಓಟು ಕುಡಿದು ಕೂತಿದೆ, ಬಿಸಿ ಮಾಡಿ ಬಿಡಿಸಿ. ಏನೇ ಇರಲಿ, ಕ್ಯಾಲಿಬ್ರೇಷನ್ ಗ್ಯಾಸ್ ಒಂದು ಸಲ ಹೊಡೆಯದೆ ಮುಂದೆ ಹೋಗಬೇಡಿ.

ಅದೇ ಜಿಸಿಯಲ್ಲಿ ಲೀಕ್ ಕೂಡ ಸಿಗುತ್ತದೆ. ಕ್ಯಾಥೋಡ್ ಗ್ಯಾಸ್‌ನಲ್ಲಿ ಆಕ್ಸಿಜನ್ ಕಂಡರೆ ಪಕ್ಕದಲ್ಲಿ ನೈಟ್ರೋಜನ್ ಇದೆಯಾ ನೋಡಿ. ಆಕ್ಸಿಜನ್‌ನ ನಾಲ್ಕು ಪಟ್ಟು ನೈಟ್ರೋಜನ್ ಇದ್ದರೆ ಹೊರಗಿನ ಗಾಳಿ, ಫಿಟ್ಟಿಂಗ್ ಬಿಗಿ ಮಾಡಿ, ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ನೈಟ್ರೋಜನ್ ಇಲ್ಲದೆ ಬರೀ ಆಕ್ಸಿಜನ್ ಇದ್ದರೆ ಅದು ಆನೋಡ್ ಕಡೆಯಿಂದ ಬಂದದ್ದು, ಮೆಂಬ್ರೇನ್ ತೂತಾಗಿದೆ. ಈ ಆಕ್ಸಿಜನ್ ಸುಮ್ನೆ ಇರುವುದಿಲ್ಲ, ಕ್ಯಾಥೋಡ್‌ನಲ್ಲಿ ಕರೆಂಟ್ ತಿನ್ನುತ್ತದೆ. ಒಟ್ಟು ಮೊತ್ತ 100ಕ್ಕೆ ಬರದೆ 85ರಲ್ಲೋ 90ರಲ್ಲೋ ನಿಂತಿದ್ದರೆ ಇದೂ ಒಂದು ಕಾರಣ.

ಅವತ್ತು ನಮ್ಮ ಅಳತೆ ಎಲ್ಲ ಸರಿಯಾಗಿತ್ತು. ಹೈಡ್ರೋಜನ್ ನಿಜವಾಗಿಯೂ 35 ಇತ್ತು.

ಯಾವಾಗ ಏರಿತು, ಹೇಗೆ ಏರಿತು

ಬೆಳಿಗ್ಗೆ ಬಂದು ನಾನು ಕೇಳಿದ್ದು ಲಾಗ್ ಫೈಲ್. ಎಷ್ಟು ಏರಿತು ಅನ್ನುವುದಕ್ಕಿಂತ ಏರಿದ ರೀತಿ ಜಾಸ್ತಿ ಹೇಳುತ್ತದೆ.

ಕರೆಂಟ್ ಹಾಕಿದ ಮೊದಲ ನಿಮಿಷದಿಂದಲೇ ಹೈಡ್ರೋಜನ್ ಜಾಸ್ತಿ ಇದ್ದರೆ ಜೋಡಣೆಯ ತಪ್ಪು. ಎಲೆಕ್ಟ್ರೋಡ್ ತಿರುಗಾಮುರುಗಾ ಕೂರಿಸಿರಬಹುದು, ಬೆಳ್ಳಿಯ ಮುಖ ಮೆಂಬ್ರೇನ್ ಕಡೆಗೇ ಇರಬೇಕು. ಬೋಲ್ಟ್ ವಿಪರೀತ ಬಿಗಿದು ಕಾರ್ಬನ್ ಪೇಪರ್ ಅಪ್ಪಚ್ಚಿಯಾಗಿರಬಹುದು. ಸಿಓಟು ಸಿಲಿಂಡರ್ ಖಾಲಿ ಇರಬಹುದು, ನಗಬೇಡಿ, ಆಗುತ್ತದೆ. ವೈರ್ ಅದಲುಬದಲಾಗಿದ್ದರಂತೂ ಬೆಳ್ಳಿ ಕರಗಿ ಹೋಗುತ್ತದೆ, ಆ ಎಲೆಕ್ಟ್ರೋಡ್‌ನ ಕಥೆ ಅಲ್ಲಿಗೇ ಮುಗಿಯಿತು.

ಗಂಟೆಗಟ್ಟಲೆ ಚೆನ್ನಾಗಿ ಓಡಿ, ಆಮೇಲೆ ಗರಗಸದ ಹಲ್ಲಿನ ಹಾಗೆ ಏರಿ ಇಳಿದು ಏರಿ ಇಳಿದು ಕೊನೆಗೆ ಏರಿಯೇ ಬಿಟ್ಟರೆ ಉಪ್ಪು. ಏರಿಳಿತ ಇಲ್ಲದೆ ನಿಧಾನಕ್ಕೆ ಏರಿದರೆ, ಎಕ್ಸಾಸ್ಟ್ ಪೈಪ್‌ನಲ್ಲಿ ನೀರಿನ ಹನಿ ಜಾಸ್ತಿಯಾಗಿದ್ದರೆ, ನೀರು ನುಗ್ಗಿದೆ. ವೋಲ್ಟೇಜ್ ಏರುತ್ತಾ ಹೋದರೆ ಮೆಂಬ್ರೇನ್ ಒಣಗುತ್ತಿದೆ ಅಥವಾ ಎಲ್ಲೋ ಕಾಂಟ್ಯಾಕ್ಟ್ ಸಡಿಲ. ದಿನಗಟ್ಟಲೆ ಹೈಡ್ರೋಜನ್ ಮೆಲ್ಲಗೆ ಏರಿ ವೋಲ್ಟೇಜ್ ಮಾತ್ರ ತುಸು ಇಳಿದಿದ್ದರೆ ನನಗೆ ಮೊದಲ ಅನುಮಾನ ಕಬ್ಬಿಣ ಅಥವಾ ನಿಕಲ್ ಮೇಲೆ.

ಹುಡುಗನ ಲಾಗ್‌ನಲ್ಲಿ ಗರಗಸದ ಹಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ಏಳನೇ ಗಂಟೆಗೆ ಶುರು, ಒಂಬತ್ತನೇ ಗಂಟೆಗೆ ಕೈಮೀರಿದೆ.

ಉಪ್ಪು

ಈ ಸೆಲ್‌ಗಳು ಕೆಡುವುದು ಹೆಚ್ಚಾಗಿ ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಆನಯಾನ್ ಮೆಂಬ್ರೇನ್ ಅಂದರೆ ಋಣ ಅಯಾನ್ ಮಾತ್ರ ಬಿಡುತ್ತದೆ ಅಂತ ಪಾಠದಲ್ಲಿ ಓದಿರುತ್ತೇವೆ. ನಿಜದಲ್ಲಿ ಪೊಟ್ಯಾಸಿಯಂ ಕೂಡ ನೀರಿನ ಜೊತೆ ಸ್ವಲ್ಪ ಸ್ವಲ್ಪ ನುಸುಳಿ ಕ್ಯಾಥೋಡ್ ಕಡೆ ಬರುತ್ತದೆ. ಅಲ್ಲಿ ಹೈಡ್ರಾಕ್ಸೈಡ್ ಹುಟ್ಟುತ್ತಲೇ ಇದೆ, ಸಿಓಟು ಧಾರಾಳವಾಗಿದೆ. ಮೂರೂ ಸೇರಿದರೆ ಪೊಟ್ಯಾಸಿಯಂ ಕಾರ್ಬೋನೇಟ್, ಬೈಕಾರ್ಬೋನೇಟ್. ಕಾರ್ಬೋನೇಟ್ ಚೆನ್ನಾಗಿ ಕರಗುತ್ತದೆ, 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ 110 ಗ್ರಾಂನಷ್ಟು. ಬೈಕಾರ್ಬೋನೇಟ್ ಹಾಗಲ್ಲ, 33 ಗ್ರಾಂ ಆಸುಪಾಸಿಗೇ ಸಾಕು ಅನ್ನುತ್ತದೆ. ಸಿಓಟು ಹರಿಯುವ ಕಾಲುವೆಯಲ್ಲಿ ಕೂರುವುದು ಈ ಬೈಕಾರ್ಬೋನೇಟ್. ಅಡುಗೆ ಸೋಡಾದ ಅಣ್ಣತಮ್ಮ. ಪೊಟ್ಯಾಸಿಯಂ ಸಾಕಪ್ಪಾ ಅಂತ ಸೋಡಿಯಂಗೆ ಹೋಗಬೇಡಿ, ಅಡುಗೆ ಸೋಡಾ 10 ಗ್ರಾಂ ಕೂಡ ಕರಗುವುದಿಲ್ಲ, ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ.

ಬಿಚ್ಚದೆ ಪತ್ತೆ ಮಾಡುವುದು ಒತ್ತಡದಿಂದ. ಸಿಓಟು ಒಳಹೋಗುವ ಜಾಗದಲ್ಲಿ ಒಂದು ಟೀ ಆಕಾರದ ಫಿಟ್ಟಿಂಗ್ ಹಾಕಿ ಪ್ರೆಷರ್ ಗೇಜ್ ಕೂರಿಸಿ. ಗೇಜ್ ಇಲ್ಲದಿದ್ದರೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪ್ ಒಂದು ಮೀಟರ್ ತಂದು ಯು ಆಕಾರದಲ್ಲಿ ಬಗ್ಗಿಸಿ ನೀರು ತುಂಬಿ. 10 ಸೆಂಟಿಮೀಟರ್ ನೀರಿನ ವ್ಯತ್ಯಾಸ ಅಂದರೆ ಸುಮಾರು 1 ಕಿಲೋಪ್ಯಾಸ್ಕಲ್. ನಮ್ಮಲ್ಲಿ ಅದೇ ಇದೆ. ಸೆಲ್ ಆರೋಗ್ಯವಾಗಿರುವಾಗ ನೀರು 8 ಸೆಂಟಿಮೀಟರ್‌ನಲ್ಲಿ ನಿಂತಿರುತ್ತದೆ. ಅವತ್ತು ಬೆಳಿಗ್ಗೆ ಬಂದು ನೋಡಿದರೆ ಪೈಪ್‌ನ ನೀರು ಉಕ್ಕಿ ಟೇಬಲ್ ಮೇಲಿತ್ತು, ಪಕ್ಕದಲ್ಲಿದ್ದ ನೋಟ್‌ಬುಕ್ ತೊಪ್ಪೆಯಾಗಿತ್ತು.

ಆಮೇಲೆ ಬಿಚ್ಚಿದೆವು. ಕ್ಯಾಥೋಡ್ ಪ್ಲೇಟ್‌ನ ಕಾಲುವೆ ಹಾವಿನ ಹಾಗೆ ಸುತ್ತಿಕೊಂಡಿದೆ. ಮೊದಲ ಎರಡು ತಿರುವು ಸ್ವಚ್ಛ. ಮೂರನೇ ತಿರುವಿನಿಂದ ಆಚೆ ಬಿಳಿ ಪುಡಿ, ಗೀಸರ್ ಪೈಪ್‌ನ ಬಾಯಲ್ಲಿ ಕಟ್ಟುವ ಹಾಗೆ ಗಟ್ಟಿ ಪದರ. ಕೊನೆಯ ತಿರುವಿನಲ್ಲಿ ಕಾಲುವೆಯೇ ಕಾಣುತ್ತಿರಲಿಲ್ಲ. ಟೂತ್‌ಪಿಕ್‌ನಲ್ಲಿ ಕೆರೆದು ವಾಚ್ ಗ್ಲಾಸ್ ಮೇಲೆ ಹಾಕಿ ದುರ್ಬಲ ಆಸಿಡ್ ಎರಡು ಹನಿ ಬಿಟ್ಟೆವು. ಬುಸ್ ಅಂತ ನೊರೆ ಬಂತು. ಆಸಿಡ್ ಇಲ್ಲದಿದ್ದರೆ ವಿನೆಗರ್ ಸಾಕು. ನೊರೆ ಬಂದರೆ ಕಾರ್ಬೋನೇಟ್ ಜಾತಿಯದೇ, ಇದಕ್ಕೆ ಎಕ್ಸ್‌ಆರ್‌ಡಿ (ಹರಳು ಗುರುತಿಸುವ ಎಕ್ಸ್‌ರೇ ಯಂತ್ರ) ಬುಕ್ ಮಾಡಿ ಎರಡು ವಾರ ಕಾಯಬೇಕಿಲ್ಲ.

ಉಪ್ಪು ಎಲ್ಲರ ಸೆಲ್‌ನಲ್ಲೂ ಕಟ್ಟುತ್ತದೆ. ನಮ್ಮದು ಒಂಬತ್ತೇ ಗಂಟೆಗೆ ಕಟ್ಟಿದ್ದು ಯಾಕೆ? ಹುಡುಕಿದರೆ ಸಿಓಟು ಹಾಯುವ ನೀರಿನ ಬಾಟಲಿಯಲ್ಲಿ ನೀರು ಪೈಪ್‌ನ ತುದಿಗಿಂತ ಕೆಳಗೆ ಇಳಿದಿತ್ತು. ವಾರದಿಂದ ಯಾರೂ ತುಂಬಿಸಿರಲಿಲ್ಲ. ಒಣ ಗ್ಯಾಸ್ ಹೋಗಿ ಕಾಲುವೆಯ ತೇವವನ್ನೆಲ್ಲ ಹೀರಿಕೊಂಡಿದೆ, ಕರಗಿದ್ದ ಉಪ್ಪು ಅಲ್ಲೇ ಕೂತಿದೆ. ಯಾರ ಕೆಲಸ ಅಂತ ಕೇಳಿದರೆ ಎಲ್ಲರೂ ಸೀಲಿಂಗ್ ಫ್ಯಾನ್ ನೋಡುತ್ತಾರೆ.

ಪರಿಹಾರ. ಇನ್ನೂ ಪೂರ್ತಿ ಕಟ್ಟಿಲ್ಲದಿದ್ದರೆ ಬಿಚ್ಚದೆ ತೊಳೆಯಬಹುದು: ಕರೆಂಟ್ ನಿಲ್ಲಿಸಿ, ಸಿರಿಂಜ್‌ನಲ್ಲಿ 10 ಎಂಎಲ್ ಡಿಐ (ಅಯಾನ್ ತೆಗೆದ) ನೀರನ್ನು ಕ್ಯಾಥೋಡ್ ಕಾಲುವೆಗೆ ನಿಧಾನಕ್ಕೆ ಬಿಡಿ, ಆಮೇಲೆ ನೈಟ್ರೋಜನ್‌ನಲ್ಲಿ ಊದಿ. ಜೋರಾಗಿ ಒತ್ತಬೇಡಿ, ನೀರು ಕಾರ್ಬನ್ ಪೇಪರ್ ಒಳಗೆ ನುಗ್ಗುತ್ತದೆ, ಒಂದು ಕಾಯಿಲೆ ಹೋಗಿ ಇನ್ನೊಂದು ಬರುತ್ತದೆ. ಆನೋಡ್ ದ್ರಾವಣವನ್ನು 0.1ರಿಂದ 0.05ಕ್ಕೋ 0.01ಕ್ಕೋ ಇಳಿಸಿದರೆ ಉಪ್ಪು ನಿಧಾನವಾಗುತ್ತದೆ, ಆದರೆ ವೋಲ್ಟೇಜ್ ಏರುತ್ತದೆ. ಪೂರ್ತಿ ಶುದ್ಧ ನೀರಿಗೇ ಹೋಗೋಣ ಅಂದರೆ ಬೆಳ್ಳಿಗೆ ಪೊಟ್ಯಾಸಿಯಂನಂಥ ಕ್ಷಾರ ಅಯಾನ್ ಹತ್ತಿರದಲ್ಲಿ ಬೇಕೇ ಬೇಕು, ಇಲ್ಲದಿದ್ದರೆ ಸಿಓ ಕೈಕೊಡುತ್ತದೆ. ಹಂಗೇರಿಯ ಸೆಗೆಡ್‌ನ ತಂಡ 2021ರಲ್ಲಿ ಇದಕ್ಕೊಂದು ಚೆಂದದ ಉಪಾಯ ತೋರಿಸಿತು. ಆನೋಡ್‌ಗೆ ಬರೀ ನೀರು, ಕ್ಯಾಥೋಡ್‌ಗೆ ಆಗಾಗ ಅಳತೆ ಮಾಡಿ ಸ್ವಲ್ಪ ಕ್ಷಾರ ದ್ರಾವಣ. ಬೇಕಾದಷ್ಟೇ ಉಪ್ಪು, ಅಡುಗೆಯ ಹಾಗೆ. ಸೀಸಿಯಂ ಬಳಸುವವರೂ ಇದ್ದಾರೆ, ಕಟ್ಟುವುದು ಕಡಿಮೆ, ಬೆಲೆ ಮಾತ್ರ ಕೇಳಬೇಡಿ.

ನೀರು

ಉಪ್ಪು ತೊಳೆದ ಮೇಲೂ ಹೈಡ್ರೋಜನ್ ಇಳಿಯದಿದ್ದರೆ ನೀರು ಒಳಗೆ ಕೂತಿದೆ. ಇವೆರಡೂ ಜೋಡಿ ಕಳ್ಳರು: ಪೊಟ್ಯಾಸಿಯಂ ಕಾರ್ಬೋನೇಟ್ ತೇವ ಎಳೆದುಕೊಳ್ಳುವ ವಸ್ತು, ಅದು ಕಾರ್ಬನ್ ಪೇಪರ್‌ನ ರಂಧ್ರದಲ್ಲಿ ಕೂತು ನೀರನ್ನು ಕರೆಯುತ್ತದೆ.

ಎಲೆಕ್ಟ್ರೋಡ್ ತೊಳೆದು ಒಣಗಿಸಿ, ಹಿಂಬದಿಗೆ ಡ್ರಾಪರ್‌ನಲ್ಲಿ ಒಂದು ಹನಿ ನೀರು ಬಿಡಿ. ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ಹನಿ ಉರುಳಿದರೆ ಪೇಪರ್ ಇನ್ನೂ ಚೆನ್ನಾಗಿದೆ. ಹರಡಿ ಇಂಗಿದರೆ ನೀರು ತಳ್ಳುವ ಗುಣ ಹೋಗಿದೆ. ಅಂಥದ್ದನ್ನು ತೊಳೆದು ಪ್ರಯೋಜನ ಇಲ್ಲ.

ಹನಿ ಉರುಳುತ್ತಿದ್ದರೂ ನೀರು ತುಂಬುತ್ತಿದ್ದರೆ ಪೈಪ್ ನೋಡಿ. ಎಕ್ಸಾಸ್ಟ್ ಪೈಪ್ ಸೆಲ್‌ನಿಂದ ಕೆಳಕ್ಕೆ ಇಳಿಯಬೇಕು, ನೀರು ಹಿಡಿಯುವ ಬಾಟಲಿ ಸೆಲ್‌ಗಿಂತ ಕೆಳಗಿರಬೇಕು. ಮೇಲಕ್ಕೆ ಹತ್ತಿಸಿ ಒಂದು ಬಳಸು ಹಾಕಿದರೆ ಅಲ್ಲಿ ನೀರು ನಿಂತು ಒತ್ತಡ ಕಟ್ಟುತ್ತದೆ. ಆನೋಡ್ ಪಂಪ್ ವೇಗ ಜಾಸ್ತಿ ಇದ್ದರೂ ನೀರು ಮೆಂಬ್ರೇನ್ ದಾಟಿ ಬರುತ್ತದೆ, ತುಸು ಕಡಿಮೆ ಮಾಡಿ. ಇನ್ನೊಂದು, ಕ್ಯಾಥೋಡ್ ಪ್ಲೇಟ್ ಸ್ಟೀಲಿನದಾಗಿದ್ದರೆ ಕಾಲುವೆಯಲ್ಲಿ ನಿಂತ ನೀರು ಪೇಪರ್ ಮೂಲಕ ಮೆಂಬ್ರೇನ್‌ವರೆಗೂ ಸೇರಿಕೊಂಡಾಗ ಪ್ಲೇಟೇ ಹೈಡ್ರೋಜನ್ ಬಿಡಲು ಶುರು ಮಾಡಬಹುದು. ಪಾಪ ಬೆಳ್ಳಿ ಬೈಸಿಕೊಳ್ಳುತ್ತದೆ.

ಮೆಂಬ್ರೇನ್

ಆನೋಡ್ ಗ್ಯಾಸ್ ಅನ್ನು ಯಾರೂ ಅಳೆಯುವುದಿಲ್ಲ. ಅಳೆಯಿರಿ. ಮೆಂಬ್ರೇನ್‌ನಲ್ಲಿ ಕಾರ್ಬೋನೇಟ್ ಓಡಾಡುತ್ತಿದ್ದರೆ ಅಲ್ಲಿ ಒಂದು ಪಾಲು ಆಕ್ಸಿಜನ್‌ಗೆ ಎರಡು ಪಾಲು ಸಿಓಟು ಬರುತ್ತದೆ. ಬೈಕಾರ್ಬೋನೇಟ್ ಆದರೆ ನಾಲ್ಕು ಪಾಲು. ಎರಡಕ್ಕಿಂತ ತುಂಬಾ ಕೆಳಗಿದ್ದರೆ ಹೈಡ್ರಾಕ್ಸೈಡ್ ನೇರವಾಗಿ ದಾಟುತ್ತಿದೆ, ಅಂದರೆ ಕ್ಯಾಥೋಡ್‌ಗೆ ಸಿಓಟು ಮುಟ್ಟುತ್ತಿಲ್ಲ. ಹೊಸದಾಗಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದ ಆನೋಡ್ ದ್ರಾವಣ ಇದ್ದರೆ ಮಾತ್ರ ಈ ಲೆಕ್ಕ ನಂಬಬೇಡಿ, ಅದು ಸಿಓಟನ್ನೆಲ್ಲ ತಾನೇ ಕುಡಿದುಬಿಡುತ್ತದೆ.

ಕ್ಲೋರೈಡ್ ರೂಪದಲ್ಲಿ ಬಂದ ಮೆಂಬ್ರೇನ್ ಆದರೆ ತಯಾರಕರು ಹೇಳಿದಷ್ಟು ಹೊತ್ತು ಕ್ಷಾರದಲ್ಲಿ ನೆನೆಸಿ, ತೊಳೆದು, ಒದ್ದೆ ಇರುವಾಗಲೇ ಜೋಡಿಸಿ. ಟೇಬಲ್ ಮೇಲೆ ಇಟ್ಟು ಟೀ ಕುಡಿದು ಬಂದರೆ ಕೆಲವು ಮೆಂಬ್ರೇನ್ ಹಪ್ಪಳದ ಹಾಗೆ ಸುರುಳಿ ಸುತ್ತಿ ಬಿರುಕು ಬಿಟ್ಟಿರುತ್ತದೆ.

ಕಬ್ಬಿಣ, ನಿಕಲ್

ಮೂರು ವಾರದ ನಂತರ ಅದೇ ಸೆಲ್ ಇನ್ನೊಂದು ಆಟ ಆಡಿತು. ಒತ್ತಡ 8 ಸೆಂಟಿಮೀಟರ್‌ನಲ್ಲೇ ಇದೆ, ನೀರು ಇಲ್ಲ, ಆದರೂ ಹೈಡ್ರೋಜನ್ ದಿನಕ್ಕೆ ಒಂದೆರಡು ಪರ್ಸೆಂಟ್ ಏರುತ್ತಿದೆ, ವೋಲ್ಟೇಜ್ ಇಳಿಯುತ್ತಿದೆ.

ಈ ಕಥೆ ಹಳೆಯದು. ಜಪಾನಿನ ಯೋಶಿಯೋ ಹೋರಿ 1980ರ ದಶಕದಲ್ಲಿ ತಾಮ್ರದ ಮೇಲೆ ಸಿಓಟು ಮೀಥೇನ್, ಎಥಿಲೀನ್ ಆಗುವುದನ್ನು ತೋರಿಸಿದವರು. ತಾಮ್ರ ಬೇಗ ಕೆಡುತ್ತದೆ ಅಂತ ಬೇರೆಯವರು ಹೇಳುತ್ತಿದ್ದಾಗ, ಕೆಡಿಸುತ್ತಿರುವುದು ದ್ರಾವಣದಲ್ಲಿರುವ ಚೂರುಪಾರು ಕಬ್ಬಿಣ, ಸತು ಅಂತ ಹೋರಿ ತಂಡ ಹೇಳಿತು. ದ್ರಾವಣವನ್ನು ಮೊದಲೇ ಎಲೆಕ್ಟ್ರೋಲಿಸಿಸ್ ಮಾಡಿ ಶುದ್ಧ ಮಾಡಿಕೊಂಡರೆ ತಾಮ್ರ ಬಾಳಿಕೆ ಬರುತ್ತದೆ. ಬೆಳ್ಳಿಗೂ ಅದೇ ನ್ಯಾಯ.

ನಮ್ಮಲ್ಲಿ ಕಳ್ಳ ಸಿಕ್ಕಿದ್ದು ಆನೋಡ್ ಲೈನ್‌ನಲ್ಲಿ. ಪ್ಲಾಸ್ಟಿಕ್ ಫಿಟ್ಟಿಂಗ್ ಮುರಿದಾಗ ಯಾರೋ ಒಂದು ಸ್ಟೀಲ್ ಫಿಟ್ಟಿಂಗ್ ಹಾಕಿ ಮರೆತಿದ್ದರು. ಅದರ ಒಳಗೆ ಕಾಫಿ ಬಣ್ಣದ ಗೆರೆ ಎದ್ದಿತ್ತು. ತೆಗೆದು ಪ್ಲಾಸ್ಟಿಕ್ ಹಾಕಿದೆವು, ದ್ರಾವಣ ಬದಲಿಸಿದೆವು. ಸ್ಟೀಲ್ ಇಲ್ಲದಿದ್ದರೂ ಅನುಮಾನ ಇದ್ದರೆ ದ್ರಾವಣವನ್ನು ಲೋಹದ ಅಯಾನ್ ಹಿಡಿದಿಟ್ಟುಕೊಳ್ಳುವ ಚೀಲೇಟಿಂಗ್ ರೆಸಿನ್‌ನಲ್ಲಿ ಹಾಯಿಸಿ. ಇರಿಡಿಯಂ ದುಬಾರಿ ಅಂತ ನಿಕಲ್ ಫೋಮ್ ಆನೋಡ್ ಹಾಕಿರುವವರು ಒಂದು ನೆನಪಿಡಿ: ಹೈಡ್ರಾಕ್ಸೈಡ್ ದ್ರಾವಣದಲ್ಲಿ ಶುರು ಮಾಡಿದರೂ ಸಿಓಟು ದಾಟಿ ಬಂದು ಕೊನೆಗೆ ಅದನ್ನು ಬೈಕಾರ್ಬೋನೇಟ್ ಮಾಡುತ್ತದೆ. ಪಿಎಚ್ ಇಳಿದ ಮೇಲೆ ನಿಕಲ್ ಕರಗಲು ಶುರು. ದಿನಾ ಪಿಎಚ್ ಪಟ್ಟಿ ಅದ್ದಿ ನೋಡಿ.

ಇಷ್ಟಾದ ಮೇಲೆ ಕ್ಯಾಟಲಿಸ್ಟ್

ಎಲ್ಲ ಸರಿ ಇದ್ದೂ ಸಿಓ ಬರದಿದ್ದರೆ ಆಗ ಬೆಳ್ಳಿಯನ್ನು ಹಿಡಿಯಿರಿ. ಅದಕ್ಕೂ ಅದಲುಬದಲು ಪರೀಕ್ಷೆ ಇದೆ. ಹಳೇ ಎಲೆಕ್ಟ್ರೋಡ್ ತೊಳೆದು ಒಣಗಿಸಿ ಹೊಸ ಮೆಂಬ್ರೇನ್, ಹೊಸ ದ್ರಾವಣದ ಜೊತೆ ಹಾಕಿ. ಬೇರೆ ದಿನ ಹೊಸ ಎಲೆಕ್ಟ್ರೋಡ್ ಅನ್ನು ಹಳೇ ಮೆಂಬ್ರೇನ್, ಹಳೇ ದ್ರಾವಣದ ಜೊತೆ ಹಾಕಿ. ಮೊದಲನೆಯದು ಓಡದೆ ಎರಡನೆಯದು ಓಡಿದರೆ ಮಾತ್ರ ಎಲೆಕ್ಟ್ರೋಡ್ ಕೆಟ್ಟಿದೆ ಅನ್ನಬಹುದು. ಒಂದು ಸಲಕ್ಕೆ ಎಲ್ಲವನ್ನೂ ಬದಲಿಸಿ "ಸರಿಯಾಯ್ತು" ಅಂದರೆ ಮುಂದಿನ ಸಲ ಮತ್ತೆ ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ಹುಡುಗ ಬಿಸಾಕಲು ಹೊರಟಿದ್ದ ಎಲೆಕ್ಟ್ರೋಡ್ ಉಪ್ಪು ತೊಳೆದ ಮೇಲೆ 5 ಪರ್ಸೆಂಟ್ ಹೈಡ್ರೋಜನ್‌ಗೆ ವಾಪಸ್ ಬಂತು. ಅದನ್ನು ಇಟ್ಟಿದ್ದ ಪೆಟ್ರಿ ಡಿಶ್ ಮೇಲೆ ಅವನ ಕೈಬರಹದಲ್ಲಿ "ಸತ್ತಿದೆ" ಅಂತ ಚೀಟಿ ಇನ್ನೂ ಅಂಟಿಕೊಂಡಿದೆ. ಈಗ ಅದರ ಪಕ್ಕದಲ್ಲೇ ನೀರಿನ ಬಾಟಲಿ ಯಾರು ಯಾವತ್ತು ತುಂಬಿಸಿದರು ಅಂತ ಬರೆಯುವ ಇನ್ನೊಂದು ಚೀಟಿ ಹಚ್ಚಿದ್ದೇವೆ.